ಕೈಗುಣದ ಹಿಂದಿನ ಓದು

ಶೇಡಬಾಳ, ಉಗಾರ, ಕಾಗವಾಡದ ಕಡೆ ಯಾರಿಗಾದರೂ ಹೊಟ್ಟೆನೋವು ಜೋರಾದರೆ ಮನೆಯ ಹಿರಿಯರ ಬಾಯಿಂದ ಮೊದಲು ಬರುವ ಮಾತು 'ತಡಾ ಮಾಡಬ್ಯಾಡ್ರಿ, ಮಿರಜಿಗಿ ಒಯ್ಯೋಣ' ಎಂಬುದು. ಬೆಳಗಾವಿ ನಮ್ಮ ಜಿಲ್ಲಾ ಕೇಂದ್ರವಾದರೂ ನೂರು ಕಿಲೋಮೀಟರ್ ಆಚೆ ಇದೆ. ಮಿರಜ್ ಬೇರೆ ರಾಜ್ಯದಲ್ಲಿದ್ದರೂ ರೈಲು ಹತ್ತಿದರೆ ಬೇಗ ಬಂದುಬಿಡುತ್ತದೆ. ಈ ರೂಢಿ ಇಂದು ನಿನ್ನೆಯದಲ್ಲ. ಕೆನಡಾದಲ್ಲಿ ಹುಟ್ಟಿದ ಮಿಷನರಿ ಶಸ್ತ್ರವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜಿನಲ್ಲಿ ಆಸ್ಪತ್ರೆ ತೆರೆದರು. ಎರಡು ರಾಜ್ಯಗಳ ಗಡಿ ನಮ್ಮ ಊರುಗಳ ನಡುವೆ ಬಿದ್ದದ್ದು 1956ರಲ್ಲಿ. ರೋಗಿಗಳು ಹಿಡಿದ ದಾರಿ ಆ ಗಡಿಗಿಂತ ಹಳೆಯದು.

ಆದರೆ ಎಲ್ಲದಕ್ಕೂ ಮಿರಜಿಗೆ ಹೋಗಲಾಗುವುದಿಲ್ಲ. ಅಪೆಂಡಿಕ್ಸ್, ಹರ್ನಿಯಾ, ಸಿಸೇರಿಯನ್ ಹೆರಿಗೆ, ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್‌ನಿಂದ ಬಿದ್ದವರ ಗಾಯ, ಯಂತ್ರಕ್ಕೆ ಸಿಕ್ಕ ಬೆರಳು, ಇವಕ್ಕೆಲ್ಲ ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಯ ತಾಲ್ಲೂಕು ಆಸ್ಪತ್ರೆಗಳೂ ಸಣ್ಣ ಖಾಸಗಿ ದವಾಖಾನೆಗಳೂ ಆಸರೆ. ಅಲ್ಲಿಗೆ ಹೋಗುವ ಮುನ್ನ ನಾವು ಎರಡು ವಿಷಯ ವಿಚಾರಿಸುತ್ತೇವೆ. ಖರ್ಚು ಎಷ್ಟಾಗುತ್ತದೆ? ಡಾಕ್ಟರ ಕೈಗುಣ ಹೇಗಿದೆ? ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಈ ಡಾಕ್ಟರಿಗೆ ತಮ್ಮ ವೃತ್ತಿಯ ಹೊಸ ಸುದ್ದಿ ಎಲ್ಲಿಂದ ಸಿಗುತ್ತದೆ? ಕಾಲೇಜು ಬಿಟ್ಟು ಹದಿನೈದು ವರ್ಷವಾದ ಮೇಲೆ ಅವರು ಏನು ಓದುತ್ತಾರೆ, ಹೇಗೆ ಓದುತ್ತಾರೆ?

ಕೈಗುಣ ಎಂಬುದು ಬರೀ ಕೈಯಲ್ಲಿ ಇರುವುದಲ್ಲ. ಅದರ ಹಿಂದೆ ಓದು ಇದೆ. ಆ ಓದಿನ ಬಾಗಿಲು ದೊಡ್ಡ ಊರಿಗೆ ಅಗಲವಾಗಿ, ನಮ್ಮಂಥ ಊರಿಗೆ ಸಂದಿಯಷ್ಟೇ ತೆರೆದಿದೆ ಎಂಬುದು ನನ್ನ ತಕರಾರು. ಇದು ವೈದ್ಯರ ಖಾಸಗಿ ವಿಷಯವಲ್ಲ. ಆಪರೇಷನ್ ಮೇಜಿನ ಮೇಲೆ ಮಲಗುವವರು ನಮ್ಮ ಮನೆಯವರು.

ಸುದ್ದಿ ನಡೆದ ದಾರಿ

ಶಸ್ತ್ರವೈದ್ಯದಲ್ಲಿ ಸುದ್ದಿ ಎಷ್ಟು ದೊಡ್ಡ ಕೆಲಸ ಮಾಡುತ್ತದೆ ಎಂಬುದಕ್ಕೆ ನಮ್ಮ ನೆಲಕ್ಕೇ ಸೇರಿದ ಒಂದು ಕಥೆ ಇದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಸುಮಾರು ಒಂದು ವರ್ಷದ ಮೇಲೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಸಮುದಾಯದ ಒಬ್ಬ ವ್ಯಕ್ತಿ ಹಣೆಯ ಚರ್ಮವನ್ನು ತಿರುಗಿಸಿ ತಂದು ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. ಆ ಸುದ್ದಿ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆಯಲ್ಲಿ ಚಿತ್ರದೊಂದಿಗೆ ಅಚ್ಚಾಯಿತು. ಜೋಸೆಫ್ ಕಾರ್ಪ್ಯೂ ಎಂಬ ಲಂಡನ್ನಿನ ಶಸ್ತ್ರವೈದ್ಯರು 1814ರಲ್ಲಿ ಅದೇ ವಿಧಾನದಲ್ಲಿ ಆಪರೇಷನ್ ಮಾಡಿದರು, 1816ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ಇಂದಿನ ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆಯಲ್ಲಿ ಈ ಘಟನೆಗೆ ದೊಡ್ಡ ಸ್ಥಾನವಿದೆ.

ಇಲ್ಲಿ ಎರಡು ಮಾತು ಗಮನಿಸಬೇಕು. ಒಂದು, ಸುದ್ದಿ ಅಚ್ಚಾದ ದಿನದಿಂದ ಅದು ಇನ್ನೊಬ್ಬರ ಕೈಗೆ ಇಳಿಯಲು 20 ವರ್ಷ ಹಿಡಿಯಿತು. ಎರಡು, ಮೂಗು ಕಟ್ಟಿದವನ ಹೆಸರು ಆ ಬರಹದಲ್ಲಿ ಬರಲೇ ಇಲ್ಲ. ಬಲ್ಲವನು ಹಳ್ಳಿಯಲ್ಲಿದ್ದ, ಬರೆಯುವವರು ಪಟ್ಟಣದಲ್ಲಿದ್ದರು.

ನಮ್ಮ ಕಾಲದ ಇನ್ನೊಂದು ಕಥೆ ಕೇಳಿ. ಹರ್ನಿಯಾ ಆಪರೇಷನ್ ಮಾಡುವಾಗ ದುರ್ಬಲವಾದ ಜಾಗಕ್ಕೆ ಬಲ ಕೊಡಲು ಒಂದು ಸಣ್ಣ ಜಾಳಿಗೆಯನ್ನು ಒಳಗೆ ಕೂಡಿಸುತ್ತಾರೆ. ಕಂಪನಿಯ ಜಾಳಿಗೆ ದುಬಾರಿ. ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೊಂಡಾಯಿಚಾ ಎಂಬ ಸಣ್ಣ ಊರಿನ ಶಸ್ತ್ರವೈದ್ಯ ಡಾ. ರವೀಂದ್ರನಾಥ ಟೊಂಗಾಂವ್ಕರ್, ಸೊಳ್ಳೆಪರದೆಯ ಬಟ್ಟೆಯನ್ನು ಸರಿಯಾದ ಕ್ರಮದಲ್ಲಿ ಕ್ರಿಮಿಶುದ್ಧ ಮಾಡಿ ಜಾಳಿಗೆಯಾಗಿ ಬಳಸಿದರು. ಬಡ ರೋಗಿಗೆ ಅದರ ಬೆಲೆ ಪುಡಿಗಾಸು. ಅವರು ಸುಮ್ಮನೆ ಆಪರೇಷನ್ ಮಾಡುತ್ತ ಕೂಡಲಿಲ್ಲ. ಬೇರೆ ಊರುಗಳ ವೈದ್ಯರನ್ನು ಸೇರಿಸಿಕೊಂಡು ಲೆಕ್ಕ ಇಟ್ಟು, 2003ರಲ್ಲಿ 'ಇಂಡಿಯನ್ ಜರ್ನಲ್ ಆಫ್ ಸರ್ಜರಿ'ಯಲ್ಲಿ ಪ್ರಕಟಿಸಿದರು. ಮುಂದೆ ಉಗಾಂಡಾದಲ್ಲಿ 300ಕ್ಕೂ ಹೆಚ್ಚು ಗಂಡಸರ ಮೇಲೆ ಅಗ್ಗದ ಜಾಳಿಗೆಯನ್ನೂ ಕಂಪನಿಯ ಜಾಳಿಗೆಯನ್ನೂ ಹೋಲಿಸಿ ನೋಡಿದ ಪರೀಕ್ಷೆಯ ಫಲಿತಾಂಶ 2016ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಬಂತು. ಒಂದು ವರ್ಷದ ನಂತರವೂ ಎರಡರ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಈ ಸಲ ಹಳ್ಳಿಯ ವೈದ್ಯನ ಹೆಸರು ಉಳಿಯಿತು. ಯಾಕೆಂದರೆ ಅವರು ಓದಿದರು, ಬರೆದರು, ಬರೆದದ್ದನ್ನು ಇನ್ನೊಬ್ಬರು ಓದಲು ದಾರಿ ಇತ್ತು. ಓದು ಎಂದರೆ ದೊಡ್ಡ ಊರಿನಿಂದ ನಮ್ಮೂರಿಗೆ ಹರಿದು ಬರುವ ನೀರಷ್ಟೇ ಅಲ್ಲ, ನಮ್ಮೂರಿಂದ ಆಚೆ ಹೋಗುವ ಕಾಲುವೆಯೂ ಹೌದು.

ಮೊಬೈಲಿನಲ್ಲಿ ಏನಿದೆ, ಏನಿಲ್ಲ

ವಾನ್ಲೆಸ್ ಅವರ ಕಾಲದಲ್ಲಿ ವಿದೇಶದ ವೈದ್ಯ ಪತ್ರಿಕೆ ಹಡಗಿನಲ್ಲಿ ಬರಬೇಕಿತ್ತು. ಇಂದು ಶೇಡಬಾಳ ಸ್ಟೇಷನ್ನಿನ ಕಟ್ಟೆಯ ಮೇಲೆ ಕೂತವರ ಮೊಬೈಲಿಗೂ ಕ್ಷಣದಲ್ಲಿ ಬರುತ್ತದೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ 'ಪಬ್‌ಮೆಡ್' ಎಂಬ ಸೂಚಿ 1997ರಿಂದ ಎಲ್ಲರಿಗೂ ಉಚಿತ. ಅದರಲ್ಲಿ ಮೂರೂವರೆ ಕೋಟಿಗೂ ಹೆಚ್ಚು ವೈದ್ಯಕೀಯ ಬರಹಗಳ ವಿವರ ಇದೆ. 'ಕಾಕ್ರೇನ್ ಲೈಬ್ರರಿ'ಯಲ್ಲಿ ಒಂದೇ ಪ್ರಶ್ನೆಯ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ತೂಗಿ ನೋಡಿದ ವರದಿಗಳಿವೆ. 1938ರಲ್ಲಿ ಹುಟ್ಟಿದ ಭಾರತೀಯ ಶಸ್ತ್ರವೈದ್ಯರ ಸಂಘ, ಗ್ರಾಮೀಣ ಶಸ್ತ್ರವೈದ್ಯರದೇ ಆದ ಸಂಘ, ಇಂಥವು ಸಮ್ಮೇಳನಗಳನ್ನು ನಡೆಸುತ್ತವೆ, ಪತ್ರಿಕೆಗಳನ್ನು ತರುತ್ತವೆ.

ಹಾಗಾದರೆ ತೊಂದರೆ ಏನು? ಪಬ್‌ಮೆಡ್‌ನಲ್ಲಿ ಹೆಚ್ಚಿನ ಬರಹಗಳ ಸಾರಾಂಶ ಮಾತ್ರ ಉಚಿತ. ಪೂರ್ತಿ ಓದಬೇಕೆಂದರೆ ಬಹಳ ಸಲ ಪತ್ರಿಕೆಯ ಜಾಲತಾಣಕ್ಕೆ ಹೋಗಿ ಹಣ ಕಟ್ಟಬೇಕು. ಒಂದೇ ಒಂದು ಲೇಖನಕ್ಕೆ ಮೂವತ್ತು, ನಲವತ್ತು ಡಾಲರ್ ಕೇಳುವುದು ಸಾಮಾನ್ಯ. ಅಂದರೆ ನಮ್ಮ ಭಾಗದ ಒಬ್ಬ ರೋಗಿ ದವಾಖಾನೆಯ ಬಿಲ್ಲಿನಲ್ಲಿ ಚೌಕಾಶಿ ಮಾಡುವಷ್ಟು ಹಣ. ಸಾರಾಂಶ ಓದಿ ಆಪರೇಷನ್ ಮಾಡುವುದೆಂದರೆ ಪ್ರಶ್ನೆಪತ್ರಿಕೆಯ ತಲೆಬರಹ ಓದಿ ಉತ್ತರ ಬರೆದಂತೆ.

ಎಂಎಸ್ ಓದುತ್ತಿರುವಾಗ ಈ ಕಷ್ಟ ಗೊತ್ತಾಗುವುದಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 'ಹೆಲಿನೆಟ್' ಎಂಬ ಜಾಲದ ಮೂಲಕ ತನ್ನ ಕಾಲೇಜುಗಳಿಗೆ ವೈದ್ಯಕೀಯ ಪತ್ರಿಕೆಗಳನ್ನು ಒದಗಿಸುತ್ತದೆ. ಆದರೆ ಇಂಥ ಸೌಲಭ್ಯ ಸಾಮಾನ್ಯವಾಗಿ ಕಾಲೇಜಿಗೆ ಅಂಟಿಕೊಂಡದ್ದು, ವ್ಯಕ್ತಿಗಲ್ಲ. ಪದವಿ ಮುಗಿಸಿ ಹೊರಬಿದ್ದು, ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರೇ ಶಸ್ತ್ರವೈದ್ಯರಾಗಿ ನಿಂತಾಗ, ಪಕ್ಕದಲ್ಲಿ ಕೇಳಲು ಗುರುಗಳಿಲ್ಲದ ಹೊತ್ತಿಗೆ ಸರಿಯಾಗಿ ಆ ಬಾಗಿಲು ಮುಚ್ಚುತ್ತದೆ. ಯಾರಿಗೆ ಓದು ಅತಿ ಹೆಚ್ಚು ಬೇಕೋ ಅವರಿಗೇ ಅದು ಅತಿ ಕಡಿಮೆ ಸಿಗುತ್ತದೆ.

ಒಂದು ದೇಶ, ಒಂದು ಚಂದಾ: ಯಾರಿಗೆ?

ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು 'ಒಂದು ದೇಶ, ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು 6,300ಕ್ಕೂ ಹೆಚ್ಚು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ತೆರೆದುಕೊಳ್ಳುತ್ತವೆ. ನಮ್ಮ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗಳಿಗೆ ಇದು ದೊಡ್ಡ ಕೊಡುಗೆ. ಪಠ್ಯಪುಸ್ತಕ ಬಿಟ್ಟು ಬೇರೇನೂ ನೋಡದ ನಮ್ಮಂಥವರು ಮೊದಲು ಇದನ್ನು ಬಳಸಲು ಕಲಿಯಬೇಕು.

ಆದರೆ ಈ ಪಟ್ಟಿಯಲ್ಲಿ ತಾಲ್ಲೂಕು ಆಸ್ಪತ್ರೆ ಎಲ್ಲಿದೆ? ಅದು ಶಿಕ್ಷಣ ಸಂಸ್ಥೆಯೂ ಅಲ್ಲ, ಸಂಶೋಧನಾ ಸಂಸ್ಥೆಯೂ ಅಲ್ಲ. ಖಾಸಗಿ ಕಾಲೇಜುಗಳೂ ಸಣ್ಣ ದವಾಖಾನೆಗಳೂ ಮೊದಲ ಹಂತದ ಹೊರಗೇ ಉಳಿದಿವೆ. ಮುಂದೆ ಸಾರ್ವಜನಿಕ ಗ್ರಂಥಾಲಯಗಳ ಮೂಲಕ ಎಲ್ಲರಿಗೂ ಕೊಡಬೇಕು ಎಂಬ ಮಾತೂ ಇದೆ. ಮಾತು ಕೆಲಸವಾಗಬೇಕಾದರೆ ಕೇಳುವವರು ಬೇಕು.

ಇದು ಆಗದ ಕೆಲಸವೇನಲ್ಲ, ನಮ್ಮ ದೇಶದಲ್ಲೇ ಮೇಲ್ಪಂಕ್ತಿ ಇದೆ. 2007ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಚಂದಾ ಕಟ್ಟಿ, ಕಾಕ್ರೇನ್ ಲೈಬ್ರರಿಯನ್ನು ದೇಶದ ಎಲ್ಲರಿಗೂ ತೆರೆಯಿತು. ಕಾಲೇಜಿನ ಗುರುತಿನ ಚೀಟಿ ಕೇಳಲಿಲ್ಲ. ಇಂಟರ್‌ನೆಟ್ ಇದ್ದವರು ಓದಬಹುದಿತ್ತು. ಒಂದು ಗ್ರಂಥಾಲಯಕ್ಕೆ ಅಂದು ಮಾಡಿದ್ದನ್ನು ಇಂದು ಆಪರೇಷನ್ ನಡೆಯುವ ಪ್ರತಿಯೊಂದು ಸರ್ಕಾರಿ ಆಸ್ಪತ್ರೆಗೆ ಮಾಡಬಾರದೇಕೆ? ತಾಲ್ಲೂಕಿಗೆ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ ಎರಡು ಕಂಪ್ಯೂಟರ್ ಇಟ್ಟು ಈ ಚಂದಾ ಕೊಟ್ಟರೆ, ಅಥಣಿಯ ಡಾಕ್ಟರಿಗೂ ಆಯಿತು, ನರ್ಸಿಂಗ್ ಓದುವ ಹುಡುಗಿಗೂ ಆಯಿತು, ಕೃಷಿ ಪದವೀಧರನಿಗೂ ಆಯಿತು.

'ಡಾಕ್ಟರಿಗೆ ಓದಲು ಪುರುಸೊತ್ತು ಎಲ್ಲಿದೆ?' ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಊರಿಗೆ ಒಬ್ಬರೇ ಶಸ್ತ್ರವೈದ್ಯರಿದ್ದರೆ, ಮೂರು ದಿನದ ಸಮ್ಮೇಳನಕ್ಕೆ ಅವರು ಹೋದರೆ ಆ ಮೂರು ದಿನ ಊರು ಬಾಗಿಲು ಹಾಕಿದಂತೆ. ಆದ್ದರಿಂದಲೇ ಕೂತಲ್ಲಿಗೆ ಬರುವ ಓದು ಅವರಿಗೆ ಎಲ್ಲರಿಗಿಂತ ಹೆಚ್ಚು ಬೇಕು. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳು ಐದು ವರ್ಷಕ್ಕೆ ಕನಿಷ್ಠ 30 ತಾಸಿನ ಮುಂದುವರಿದ ಶಿಕ್ಷಣ ಬೇಕು ಎನ್ನುತ್ತವೆ. ಲೆಕ್ಕ ಹಾಕಿದರೆ ವರ್ಷಕ್ಕೆ ಆರು ತಾಸು. ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ತಯಾರಿ ಮಾಡುವ ನಮ್ಮ ಗೆಳೆಯರು ಒಂದೇ ದಿನ ಓದುವಷ್ಟು! ವೈದ್ಯರು ಇದಕ್ಕಿಂತ ಹೆಚ್ಚು ಓದಲು ಸಿದ್ಧರಿದ್ದಾಗ ಓದು ಕೈಗೆಟುಕುವಂತೆ ಇರಬೇಕಲ್ಲವೇ?

ಕಂಡದ್ದೆಲ್ಲ ಓದಲ್ಲ

ಬಾಗಿಲು ತೆರೆದರೆ ಗಾಳಿಯ ಜೊತೆ ಧೂಳೂ ಬರುತ್ತದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ಆಪರೇಷನ್ನಿಗೆ ಮುಂಚೆ ವಿಡಿಯೊ ನೋಡಿ ತಯಾರಾಗುವ ವಿದ್ಯಾರ್ಥಿಗಳೂ ಶಸ್ತ್ರವೈದ್ಯರೂ ಅತಿ ಹೆಚ್ಚು ಬಳಸುವ ತಾಣ ಯೂಟ್ಯೂಬ್ ಎಂದು ಗೊತ್ತಾಯಿತು. ನಾವು ಗಣಿತ ಕಲಿಯುವ ಜಾಗದಲ್ಲೇ ಅವರೂ ಕಲಿಯುತ್ತಿದ್ದಾರೆ.

ಇದರಲ್ಲಿ ಅಪಾಯ ಎಲ್ಲಿದೆ? ನಮ್ಮ ಕಡೆ 'ದುರ್ಬೀನು ಆಪರೇಷನ್' ಎನ್ನುವ ಲ್ಯಾಪರೋಸ್ಕೋಪಿಯಿಂದ ಪಿತ್ತಕೋಶ ತೆಗೆಯುವುದನ್ನು ನೋಡಿ. ಅಲ್ಲಿ ಕತ್ತರಿ ಆಡಿಸುವ ಮೊದಲು ಕತ್ತರಿಸಬೇಕಾದ ನಾಳ ಯಾವುದು, ಮುಟ್ಟಬಾರದ ಮುಖ್ಯ ಪಿತ್ತನಾಳ ಯಾವುದು ಎಂಬುದು ಕಣ್ಣಿಗೆ ಸ್ಪಷ್ಟವಾಗಿ ಕಾಣಲೇಬೇಕು. 1995ರಲ್ಲಿ ಅಮೆರಿಕದ ಶಸ್ತ್ರವೈದ್ಯ ಸ್ಟೀವನ್ ಸ್ಟ್ರಾಸ್‌ಬರ್ಗ್ ಮತ್ತು ಸಂಗಡಿಗರು ಈ ನೋಟಕ್ಕೆ ಹೆಸರು ಕೊಟ್ಟು ವಿವರಿಸಿದರು. ತಪ್ಪಿ ಮುಖ್ಯ ನಾಳ ಕತ್ತರಿಸಿದರೆ ರೋಗಿಯ ಬದುಕೇ ತಿರುವುಮುರುವಾಗುತ್ತದೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಜನ ಹೆಚ್ಚು ನೋಡುವ ಇಂಥ ವಿಡಿಯೊಗಳನ್ನು ಪರೀಕ್ಷಿಸಿತು. ಬಹುಪಾಲು ವಿಡಿಯೊಗಳಲ್ಲಿ ಆ ಸುರಕ್ಷಿತ ನೋಟ ಸರಿಯಾಗಿ ಇರಲೇ ಇಲ್ಲ. ಹೆಚ್ಚು ಜನ ನೋಡಿದ್ದು ಹೆಚ್ಚು ಸರಿಯಾದದ್ದಲ್ಲ.

ದೊಡ್ಡ ಹೆಸರಿನ ಪತ್ರಿಕೆಯೂ ಜಾರುತ್ತದೆ. ಕೋವಿಡ್ ಕಾಲದಲ್ಲಿ, 2020ರ ಮೇ 22ರಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಕುರಿತ ಒಂದು ಲೇಖನ ಬಂತು. ಅದಕ್ಕೆ ಆಧಾರ 'ಸರ್ಜಿಸ್ಫಿಯರ್' ಎಂಬ ಕಂಪನಿ ಕೊಟ್ಟ ಅಂಕಿಅಂಶ. ಮೂಲ ಮಾಹಿತಿಯನ್ನು ಸ್ವತಂತ್ರವಾಗಿ ಪರಿಶೀಲಿಸಲು ಆಗದೆ ಜೂನ್ 4ರಂದು ಲೇಖನವನ್ನು ಹಿಂಪಡೆಯಲಾಯಿತು. ಎರಡು ವಾರದೊಳಗೆ ಸುದ್ದಿ ಜಗತ್ತು ಸುತ್ತಿ, ಸುಳ್ಳಿನ ಅನುಮಾನ ಹೊತ್ತು ವಾಪಸು ಬಂತು. ಅದು ಹಿಂದಕ್ಕೆ ಹೋದದ್ದು ಯಾಕೆ? ಬೇರೆ ಬೇರೆ ದೇಶಗಳ ಓದುಗರು ಆ ಅಂಕಿಗಳನ್ನು ಪೂರ್ತಿ ಓದಿ, 'ಇದು ಹೊಂದುವುದಿಲ್ಲವಲ್ಲ' ಎಂದು ಪ್ರಶ್ನೆ ಎತ್ತಿದ್ದಕ್ಕೆ. ಅದಕ್ಕೇ ಪೂರ್ತಿ ಬರಹ ಎಲ್ಲರಿಗೂ ಸಿಗಬೇಕು ಎನ್ನುವುದು. ಹೆಚ್ಚು ಕಣ್ಣುಗಳು ಓದಿದಷ್ಟೂ ತಪ್ಪು ಬೇಗ ಸಿಕ್ಕಿಬೀಳುತ್ತದೆ.

ಉದ್ಯೋಗದ ಜಾಹೀರಾತು ಹುಡುಕುವ ನಮಗೆ ಈ ಪಾಠ ಹೊಸದೇನಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ನೇಮಕಾತಿ ಸುದ್ದಿಯನ್ನು ಇಲಾಖೆಯ ಅಧಿಸೂಚನೆ ತೆರೆದು ನೋಡಿ ನಂಬುತ್ತೇವೆ. ಯಾರು ಹೇಳಿದರು, ಎಲ್ಲಿ ಹೇಳಿದರು, ಎಷ್ಟು ಜನರ ಮೇಲೆ ಪರೀಕ್ಷಿಸಿದರು, ಹಣ ಯಾರದು, ಬೇರೆಯವರು ಮಾಡಿದಾಗಲೂ ಅದೇ ಫಲ ಬಂತೇ? ಶಸ್ತ್ರವೈದ್ಯರು ತಮ್ಮ ಸುದ್ದಿಗೆ ಹಾಕಬೇಕಾದ ಪ್ರಶ್ನೆಗಳು ಇವೇ.

ನಮ್ಮ ಪಾಲಿನ ಕೆಲಸ

'ಇದರಲ್ಲಿ ನಮಗೇನು, ನಾವು ಡಾಕ್ಟರಲ್ಲವಲ್ಲ' ಎನ್ನಬೇಡಿ. ಆಪರೇಷನ್ ಒಬ್ಬರ ಕೆಲಸವಲ್ಲ. ಅರಿವಳಿಕೆ ಕೊಡುವವರು, ನರ್ಸ್, ಒಟಿ ಟೆಕ್ನೀಷಿಯನ್, ಉಪಕರಣ ಶುದ್ಧ ಮಾಡುವವರು, ಎಲ್ಲರ ಕೈ ಸೇರಿದರೆ ಒಂದು ಕೈಗುಣ. ನಮ್ಮ ತಾಲ್ಲೂಕುಗಳ ಎಷ್ಟೋ ಹುಡುಗ ಹುಡುಗಿಯರು ಇಂದು ಈ ಕೋರ್ಸ್‌ಗಳನ್ನೇ ಓದುತ್ತಿದ್ದಾರೆ. ಇವರಲ್ಲಿ ಒಟಿ ಟೆಕ್ನೀಷಿಯನ್‌ಗಳಂಥವರ ಶಿಕ್ಷಣಕ್ಕೂ ನೋಂದಣಿಗೂ ಒಂದು ಕ್ರಮ ತರಲು 2021ರಲ್ಲಿ ಸಂಸತ್ತು ಕಾನೂನನ್ನೇ ಮಾಡಿದೆ.

ಇವರಿಗೆ ನೇರವಾಗಿ ಸೇರಿದ ಒಂದು ಹಾಳೆಯ ಬಗ್ಗೆ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಯ ಸುರಕ್ಷತಾ ಪಟ್ಟಿಯನ್ನು ಹೊರತಂದಿತು. ಒಟ್ಟು 19 ಅಂಶ, ಮೂರು ಹಂತ. ಅರಿವಳಿಕೆ ಕೊಡುವ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿಯನ್ನು ಹೊರಗೆ ಕಳಿಸುವ ಮೊದಲು ನಿಂತು ಗಟ್ಟಿಯಾಗಿ ಓದಬೇಕು. ಇವರು ಅದೇ ರೋಗಿಯೇ? ಆಪರೇಷನ್ ಯಾವ ಬದಿಗೆ? ಅಲರ್ಜಿ ಇದೆಯೇ? ಅರಿವೆ, ಸೂಜಿ, ಉಪಕರಣಗಳ ಎಣಿಕೆ ಸರಿ ಇದೆಯೇ? ದೆಹಲಿ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪ್ರಯೋಗಿಸಿದಾಗ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ, ತೊಡಕುಗಳು ಶೇ 11ರಿಂದ ಶೇ 7ಕ್ಕೆ ಇಳಿದವು ಎಂದು 2009ರಲ್ಲಿ ವರದಿಯಾಯಿತು. ಇದಕ್ಕೆ ಹೊಸ ಯಂತ್ರ ಬೇಕಾಗಲಿಲ್ಲ. ಒಂದು ಹಾಳೆ, ಎರಡು ನಿಮಿಷ, ಕೇಳುವ ಧೈರ್ಯ ಇದ್ದರೆ ಸಾಕು.

ಆ ಹಾಳೆ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಊರಿನ ಅಗತ್ಯಕ್ಕೆ ತಕ್ಕಂತೆ ಬದಲಿಸಿಕೊಳ್ಳಿ ಎಂದು ಸಂಸ್ಥೆಯೇ ಹೇಳಿದೆ. ಕನ್ನಡ ಬಲ್ಲ ನರ್ಸಿಂಗ್ ವಿದ್ಯಾರ್ಥಿಗಳು, ತಮ್ಮ ಗುರುಗಳ ಮೇಲ್ವಿಚಾರಣೆಯಲ್ಲಿ, ಅದನ್ನು ನಮ್ಮ ಭಾಗದ ಮಾತಿನಲ್ಲಿ ಬರೆದು ಒಟಿ ಗೋಡೆಗೆ ಹಚ್ಚಬಹುದು. ಹಿರಿಯ ಡಾಕ್ಟರ ಎದುರು 'ಸರ್, ಎಣಿಕೆ ಒಂದು ಕಡಿಮಿ ಐತ್ರಿ' ಎನ್ನಲು ಹೊಸದಾಗಿ ಸೇರಿದ ಹುಡುಗಿಗೆ ಬಾಯಿ ಬರುವುದಿಲ್ಲ. ಗೋಡೆಯ ಮೇಲಿನ ಹಾಳೆ ಅವಳಿಗೆ ಬಾಯಿ ಕೊಡುತ್ತದೆ.

ಗ್ರಂಥಾಲಯ ವಿಜ್ಞಾನ ಓದಿದವರಿಗೂ ಇಲ್ಲಿ ಕೆಲಸವಿದೆ. ದಣಿದ ವೈದ್ಯರಿಗೆ ಸಾವಿರ ಬರಹ ಬೇಡ, ಅವರ ಪ್ರಶ್ನೆಗೆ ಸರಿಹೊಂದುವ ಮೂರು ಬರಹ ಬೇಕು. ಅದನ್ನು ಹುಡುಕಿ, ಸೋಸಿ ಕೊಡುವುದೇ ವೈದ್ಯಕೀಯ ಗ್ರಂಥಪಾಲಕರ ವೃತ್ತಿ. ಜಿಲ್ಲೆಗೆ ಒಬ್ಬರನ್ನು ನೇಮಿಸಿದರೂ ಫೋನಿನಲ್ಲೇ ಎಲ್ಲ ತಾಲ್ಲೂಕುಗಳ ಕೆಲಸ ಸಾಗೀತು. ಸಂಖ್ಯಾಶಾಸ್ತ್ರ ಓದಿದವರು ವೈದ್ಯರ ಕೇಸುಗಳ ಲೆಕ್ಕ ಹಿಡಿಯಬಹುದು. ಒಂದು ಹಂಗಾಮಿನಲ್ಲಿ ಕಬ್ಬಿನ ಕೆಲಸದಿಂದ ಎಷ್ಟು ಜನರ ಕೈಗೆ ಪೆಟ್ಟಾಯಿತು, ಯಾವ ಚಿಕಿತ್ಸೆಯಿಂದ ಎಷ್ಟು ಬೆರಳು ಉಳಿದವು ಎಂಬುದನ್ನು ದೂರದ ಪತ್ರಿಕೆ ನಮಗೆ ಹೇಳಿಕೊಡುವುದಿಲ್ಲ. ಅದನ್ನು ಇಲ್ಲಿಂದಲೇ ಬರೆದು ಕಳಿಸಬೇಕು. ದೊಂಡಾಯಿಚಾದಿಂದ ಆದದ್ದು ಅಥಣಿಯಿಂದ ಯಾಕೆ ಆಗಬಾರದು?

ಗೆಳೆಯರೇ, ಚುನಾವಣೆ ಬಂದಾಗ ನಾವು ಆಸ್ಪತ್ರೆಗೆ ಕಟ್ಟಡ ಕೇಳುತ್ತೇವೆ, ಹಾಸಿಗೆ ಕೇಳುತ್ತೇವೆ, ಆಂಬುಲೆನ್ಸ್ ಕೇಳುತ್ತೇವೆ. ಕೇಳಲೇಬೇಕು. ಅವುಗಳ ಜೊತೆ ಇನ್ನೊಂದು ಸಾಲು ಸೇರಿಸೋಣ. ಆಪರೇಷನ್ ನಡೆಯುವ ಪ್ರತಿ ಸರ್ಕಾರಿ ಆಸ್ಪತ್ರೆಗೂ ತಾಲ್ಲೂಕಿನ ಒಂದು ಗ್ರಂಥಾಲಯಕ್ಕೂ ದೇಶ ಈಗಾಗಲೇ ಹಣ ಕಟ್ಟಿರುವ ಪತ್ರಿಕೆಗಳ ಬಾಗಿಲು ತೆರೆಯಿರಿ ಎಂದು ಶಾಸಕರಿಗೆ, ಸಂಸದರಿಗೆ, ಆರೋಗ್ಯ ಇಲಾಖೆಗೆ ಬರೆಯೋಣ. ಕಾಲೇಜಿನ ಎನ್‌ಎಸ್‌ಎಸ್ ಘಟಕದಿಂದಲೇ ಈ ಪತ್ರ ಹೊರಡಲಿ. ಅಷ್ಟರಲ್ಲಿ ಪಟ್ಟಿಯ ಕನ್ನಡ ಹಾಳೆ ತಯಾರಾಗಲಿ, ಅದಕ್ಕೆ ಯಾರ ಅನುದಾನವೂ ಬೇಕಿಲ್ಲ.